ನಿಗದಿತ ಶುಲ್ಕ

ಏಳು ತುಂಬಿತು, ಇನ್ನು ಗಾಡಿ ಹತ್ತಬೇಡಿ
ಅಂದರು ಹೊಸನಗರದ ಡಾಕ್ಟರು.
ಸರಿ, ಇಳಿದೆ.
ಗಾಡಿಗೆ ಯಾರು ಹೇಳುವುದು?

ಹನ್ನೊಂದು ವರ್ಷ ನನ್ನನ್ನು ಮೀಟರು ಓದಲು ಹೊತ್ತದ್ದು ಅದೇ.
ರಿಪ್ಪನ್‌ಪೇಟೆ, ಕೋಡೂರು, ಹುಂಚದ ಗುಡ್ಡದಾಚೆ
ಮೂರು ಮನೆಗೊಂದು ಕಂಬ ಇರುವ ಕಡೆಗೂ.
ಫಾರೆಸ್ಟ್ ಗಾರ್ಡ್ ಒಬ್ಬರಿಂದ ಮೂರನೇ ಕೈಗೆ ಬಂದ ಹೀರೋ ಹೋಂಡಾ,
ಹ್ಯಾಂಡಲಿನ ರಬ್ಬರಿನಲ್ಲಿ ಈಗ ನನ್ನ ಬೆರಳುಗಳದೇ ಅಚ್ಚು.

"ಸುಮ್ಮನೆ ನಿಲ್ಲಿಸಿ ಹೋಗ್ಬೇಡಿ ಮಾರಾಯ್ರೇ,"
ಫೋನಿನಲ್ಲಿ ಸಲ್ಡಾನ, ಹಿಂದೆ ಸಾಗರದ ಶೆಡ್ಡಿನ ಸುತ್ತಿಗೆ.
"ಮೊದಲಿನ ಪೆಟ್ರೋಲ್ ಅಲ್ಲ ಇದು, ನೂರಕ್ಕೆ ಇಪ್ಪತ್ತು ಕಬ್ಬಿಂದು.
ಅದಕ್ಕೆ ನೀರು ಕಂಡ್ರೆ ಆಸೆ.
ಮಾರ್ಗಶಿರದ ಚಳಿಗೆ ಅರ್ಧ ಟ್ಯಾಂಕು ಒಳಗೇ ಬೆವರ್ತದೆ,
ಆ ಬೆವರು ಇದು ಕುಡೀತದೆ.
ಶಿವರಾತ್ರಿಗೆ ಕಾರ್ಬುರೇಟರ್ ಬಿಚ್ಚಿದ್ರೆ
ನಿಮಗೆ ಹಸಿರು ಕಿಲುಬು, ನನಗೆ ಎಂಟ್ನೂರು."

ಬಾಣಂತನಕ್ಕೆಂದು ಈಗಲೇ ಬೆಳ್ಳುಳ್ಳಿ ಆರಿಸುತ್ತಿದ್ದ
ಅತ್ತೆ ಕೆರಿಯಮ್ಮ ತಲೆಯೆತ್ತಿದರು.
"ಕಬ್ಬಿಂದು ಅಂದ್ರೆ? ಸಾರಾಯಿನಾ?"
ಹೌದತ್ತೆ, ಒಂಥರಾ ಅದೇ.
"ಮನುಷ್ರಿಗೆ ನಿಲ್ಸಿದ್ದನ್ನ ಗಾಡಿಗೆ ಕುಡಿಸ್ತಾರಾ!"
ನಕ್ಕರು.

ಸಲ್ಡಾನ ಹೇಳಿದಂತೆ ಷಣ್ಮುಖ
ಉಪ್ಪಿನಕಾಯಿ ಬಾಟಲಿಗೆ ಎರಡು ಬೆರಳು ನೀರು ಹಾಕಿ ಗೆರೆ ಎಳೆದ,
ಮೇಲೆ ಟ್ಯಾಂಕಿನ ಪೆಟ್ರೋಲು ಹೊಯ್ದ, ಕುಲುಕಿ ಕಟ್ಟೆಯ ಮೇಲಿಟ್ಟ.
ಬಿಳಿಚಿತು. ಕದಡಿತು. ತಿಳಿಯಾಯಿತು.
ನೀರು ಮೂರು ಬೆರಳಾಗಿತ್ತು.
ಅಷ್ಟು ಹೊತ್ತು ಕಾಣದಂತೆ ಬೆರೆತಿದ್ದದ್ದು
ಪೆಟ್ರೋಲಿನ ಕೈಬಿಟ್ಟು ತಳಕ್ಕಿಳಿದಿತ್ತು,
ಮೇಲಿನವರನ್ನು ತಿರುಗಿಯೂ ನೋಡದೆ.

"ಇವನಪ್ಪನೂ ಹಿಂಗೇ," ಅಂದರು ಅತ್ತೆ, ಬಾಟಲಿಗೇ ಹೇಳುವಂತೆ.
"ಮನೇಲಿ ಎಲ್ಲರ ಜೊತೆ ಬೆರೆತೇ ಇರೋರು.
ಕೆಳಗಿನ ಕೇರಿಯಿಂದ ಒಬ್ಬ ಕೂಗಿದ್ರೆ ಸಾಕಿತ್ತು."
ಷಣ್ಮುಖ ಬಾಟಲಿ ಎತ್ತಿಕೊಂಡು ಬಚ್ಚಲ ಹಿಂದೆ ಹೋದ.
ತುಸು ತಡವಾಗಿ ಬಂದ.

ಬಂಕಿಗೆ ಅವನೇ ಹೋಗಿ ಕಂಠಮಟ್ಟ ತುಂಬಿಸಿಕೊಂಡು ಬಂದ.
ಜಾಗವಿದ್ದರೆ ತಾನೇ ಗಾಳಿ, ಗಾಳಿಯಿದ್ದರೆ ತಾನೇ ಬೆವರು.
ನನಗೂ ಈಗ ಒಳಗೆ ಉಸಿರಿಗೆ ಜಾಗವಿಲ್ಲ.

ನಲ್ಲಿ ಮಾತ್ರ ನಾನೇ ಮುಚ್ಚುತ್ತೇನೆ ಅಂದೆ.
ಬಗ್ಗಲಾಗದೆ ಮಣೆ ಹಾಕಿ ಕೂತೆ.
ಇಂಜಿನ್ ಓಡುತ್ತಲೇ ಇತ್ತು,
ಇನ್ನು ಬಟ್ಟಲಲ್ಲಿ ಉಳಿದದ್ದಷ್ಟೇ ಅದರ ಪಾಲು.
ಒಂದು ನಿಮಿಷ. ಎರಡು. ಕೋಳಿಯೊಂದು ಬಂದು ನೋಡಿ ಹೋಯಿತು.
ಆಮೇಲೆ ಯಾರೂ ಆಕ್ಸಿಲರೇಟರ್ ತಿರುವದೆ
ತಾನಾಗಿ ದನಿ ಏರಿತು,
ಹುಂಚದ ಏರು ಮುಗಿದಾಗ ಬರುತ್ತಿದ್ದ ದನಿ.
"ಆರೋ ದೀಪಕ್ಕೆ..." ಎಂದು ಶುರುಮಾಡಿದ ಅತ್ತೆ
ನನ್ನ ಹೊಟ್ಟೆ ನೋಡಿ ನಾಲಿಗೆ ಕಚ್ಚಿಕೊಂಡರು.

ನಿಂತಿತು.
ಆ ಸದ್ದಿಲ್ಲದ ಚೂರು ಹೊತ್ತಿನಲ್ಲಿ
ಒಳಗಿನಿಂದ ಒಂದು ಕಿಕ್ಕು, ಚೋಕ್ ಕೂಡ ಎಳೆಯದೆ.

ಬಟ್ಟಲ ತಳದ ಸ್ಕ್ರೂ ಸಡಿಲಿಸಿದರೆ
ಮುಗಿಯಿತು ಅಂದುಕೊಂಡದ್ದರಲ್ಲಿ ಇನ್ನೂ ಮೂರು ಹನಿ.

ಚಾಳಿ ಬಿಡಲಿಲ್ಲ, ಕ್ಯಾಲೆಂಡರಿನ ಹಿಂದೆ ಬರೆದೆ:
ಹಿಂದಿನ ಮಾಪನ ೬೧೪೦೮, ಸೊನ್ನೆ ದಾಟಿದ ಎರಡನೇ ಸುತ್ತು.
ಇಂದಿನ ಮಾಪನ ಅದೇ. ಬಳಕೆ ಸೊನ್ನೆ.
ಷರಾ: ಬಾಗಿಲು ಹಾಕಿದೆ.
ಸೊನ್ನೆಗೂ ಬಿಲ್ಲು ಬರುತ್ತದೆ.
ಎಷ್ಟು ಅಂಗಳಗಳಲ್ಲಿ ನಿಂತು
ಬೈಸಿಕೊಳ್ಳುತ್ತಾ ಇದನ್ನೇ ಬಿಡಿಸಿ ಹೇಳಿದ್ದೇನೆ:
ಉರಿಸಿ, ಬಿಡಿ,
ನಿಮ್ಮನೆವರೆಗೆ ತಂತಿ ಎಳೆದಿದೆಯಲ್ಲ, ಅದಕ್ಕೆ.