ಕಂಡದ್ದು, ಕೇಳಿದ್ದು

ಗೇಟಿನ ಪಕ್ಕ ತಗಡಿನ ಡಬ್ಬಿ, ಅದರೊಳಗೆ
ದಾರ ಕಟ್ಟಿದ ಪೆನ್ಸಿಲು, ಇಬ್ಬನಿ ಕುಡಿದು ಉಬ್ಬಿದ ಪುಸ್ತಕ.
ಪ್ರತಿ ಪುಟದ ನಡುವೆ ಒಂದು ಗೀಟು:
ಎಡಕ್ಕೆ ಕಂಡದ್ದು, ಬಲಕ್ಕೆ ಕೇಳಿದ್ದು.
ಬೀಗ ತೆಗೆಯುವುದಷ್ಟೇ ನನ್ನ ಕೆಲಸ.
ಹಕ್ಕಿ ನನಗೆ ಅಷ್ಟಕ್ಕಷ್ಟೆ. ಬೂಟು ನೋಡಿ ಜನರನ್ನು ಗುರುತಿಸುತ್ತೇನೆ.

ಇದು ಸರೋವರ ಕೊಟ್ಟ ನೆಲವಲ್ಲ.
ನದಿಯ ಹೂಳೆತ್ತಿ ದೋಣಿಗಟ್ಟಲೆ ತಂದು ಸುರಿದದ್ದು;
ಉಕ್ಕಿನ ಕುಲುಮೆ, ಬಣ್ಣದ ಕಾರ್ಖಾನೆ
ನೂರು ವರ್ಷ ಉಗುಳಿದ್ದನ್ನು ನುಂಗಿಕೊಂಡ ಕೆಸರು.
ಯಾರೂ ನೆಡದೆ ವಿಲ್ಲೋ ಬಂತು, ಪಾಪ್ಲರ್ ಬಂತು,
ನರಿ ಬಂತು. ಆಮೇಲೆ, ಒಂದು ಮೇ ತಿಂಗಳು, ಇವು.

ನಿನ್ನೆ ಇರುಳೆಲ್ಲ ತೆಂಕಣ ಗಾಳಿ.
ನಸುಕಿಗೆ ಬಡಗಿನಿಂದ ಮಳೆ ಅಡ್ಡ ಬಂದು
ಈರೀ ನೀರನ್ನು ದಾಟಲಾರದೆ
ಹಾರುತ್ತಿದ್ದದ್ದೆಲ್ಲ ಈ ದಂಡೆಗೇ ಉದುರಿದೆ.
ಬೆಳಗಾಗುವ ಹೊತ್ತಿಗೆ ಪೊದೆಪೊದೆಯೂ ಮಿಸುಕುತ್ತಿದೆ:
ಹೆಬ್ಬೆರಳಿನಷ್ಟು ಮೈ, ಆಂಡಿಸ್ ಬೆಟ್ಟದಿಂದ ಇಲ್ಲಿತನಕ,
ತೂಕ ಕೇಳಿದರೆ ಎರಡು ನಾಣ್ಯ.
ಗುಂಗುರುಗಳ ಮೋಡ ನನ್ನ ಮೂಗಿಗೂ ಟೀಗೂ ನುಗ್ಗುತ್ತಿದ್ದರೆ
ಅವಕ್ಕೆ ಅದೇ ಹಬ್ಬದೂಟ.

ವರ್ನಾ ಕೊಸ್ಟೆಲ್ನಿಕ್, ಎಪ್ಪತ್ತಮೂರು,
ಎಡಬೂಟಿನ ಹಿಮ್ಮಡಿ ಸವೆದಿದೆ, ದಿನವೂ ಮೊದಲು ಬರುವವಳು.
ಕಾರಿನ ಬಾಗಿಲು ಅಚ್ಚೊತ್ತುವ ಯಂತ್ರದ ಮುಂದೆ
ಇಪ್ಪತ್ತೊಂಬತ್ತು ವರ್ಷ ನಿಂತವಳು.
ಕಿವಿಗೆ ತುರುಕಿಕೊಳ್ಳಲು ಹತ್ತಿ ಸಿಕ್ಕಿದ್ದು ಹನ್ನೆರಡನೇ ವರ್ಷ.
ಕಿವಿ ಹಣ್ಣಾದರೆ ತುದಿಯ ಸ್ವರ ಮೊದಲು ಉದುರುತ್ತದೆ, ಎನ್ನುತ್ತಾಳೆ.
ಬುಡದ್ದು ಇನ್ನೂ ಗಟ್ಟಿ: ಬಾತು ಕೇಳುತ್ತದೆ, ಹಡಗಿನ ಕೂಗು ಕೇಳುತ್ತದೆ,
ಅಳಿಯನ ಗೊರಕೆಯಂತೂ ಚೆನ್ನಾಗಿ ಕೇಳುತ್ತದೆ.
ಹಳೆಯ ಪುಸ್ತಕಗಳಲ್ಲಿ ಬಲಗಡೆ ತುಳುಕುತ್ತಿದ್ದ ಅವಳ ಅಕ್ಷರ
ವರ್ಷಕ್ಕೊಂದು ಹೆಸರಿನಂತೆ ಎಡಕ್ಕೆ ಸರಿದಿದೆ.
ಕೇಳದ್ದನ್ನು ಕೇಳಿದೆ ಎಂದು ಬರೆದವಳಲ್ಲ.

ಕಟ್ಟೆಯ ಮೇಲೆ ಮಿಗ್ದಾಲಿಯಾ ಗಾಳ ಹಾಕಿ ಕೂತಿದ್ದಾಳೆ,
ಬಕೆಟ್ಟಿನಲ್ಲಿ ಎರಡು ಮೀನು. ಜೊತೆಗೆ ಬಂದ ಅಣ್ಣನ ಮಗ
ಯಾದಿಯೆಲ್, ಹನ್ನೊಂದು, ಕ್ಯಾನ್ವಾಸ್ ಶೂ ಪೂರ್ತಿ ಒದ್ದೆ,
ಬೇಸರಕ್ಕೆ ಕಲ್ಲೆಸೆಯುತ್ತಿದ್ದವನು ತಟ್ಟನೆ ನಿಂತ:
"ಯಾರೋ ಸೂಜಿಯಿಂದ ಗಾಜು ಗೀರುತ್ತಿದ್ದಾರೆ."

ವರ್ನಾ ತಿರುಗಿದಳು. "ಎಲ್ಲಿ?"
"ಆ ಮರ. ಈಗ. ಮತ್ತೆ ಈಗ."
ಅವಳ ಪಾಲಿಗೆ ಮರ ಬರೀ ಮರ, ಎಲೆ, ತೊಟ್ಟಿಕ್ಕುವ ನೀರು.
"ಹೇಗಿದೆ, ಕೈಯಲ್ಲಿ ತೋರಿಸು."
ಹುಡುಗ ಸೊಂಟದ ಹತ್ತಿರ ಬೆರಳಿಟ್ಟ,
ಸಣ್ಣ ಸಣ್ಣ ಮೆಟ್ಟಿಲು ಹತ್ತಿಸಿದ, ಎದೆ, ಗದ್ದ, ಟೋಪಿ,
ಅದೂ ಸಾಲದೆ ತುದಿಗಾಲಲ್ಲಿ ನಿಂತು
ಕೈ ಎಷ್ಟು ಉದ್ದವೋ ಅಷ್ಟಕ್ಕೂ ಏರಿಸಿ,
"ಇನ್ನೂ ಮೇಲೆ ಹೋಗುತ್ತೆ, ನನಗೆ ಎಟುಕಲ್ಲ," ಎಂದ.

ಅವಳು ಬೆರಳನ್ನೇ ನೋಡುತ್ತಿದ್ದಳು.
ಅದು ಗದ್ದ ದಾಟುವಾಗ ಅವಳ ತುಟಿ ಅಲುಗಿತು,
ಟೋಪಿಯ ಹತ್ತಿರ ನಿಂತಿತು.
"ಕೆಂಡಗೊರಳು," ಎಂದಳು. "ಕೆಂಡಗೊರಳ ಉಲಿಯಕ್ಕಿ.
ಆರು ವರ್ಷವಾಯಿತು."

ಇಪ್ಪತ್ತು ನಿಮಿಷ ದುರ್ಬೀನು ಹುಡುಕಿತು. ಕಾಣಲಿಲ್ಲ.
ಗಾಳಿ ತಿರುಗಿತು. ಮಿಗ್ದಾಲಿಯಾ ಕೂಗಿ ಕರೆದಳು,
ಮೂರನೆಯ ಮೀನು ಬಿದ್ದಿತ್ತು.

ಸಂಜೆ ಡಬ್ಬಿ ಮುಚ್ಚುವ ಮುನ್ನ ಪುಟ ತಿರುವಿದೆ,
ಎಂದೂ ತಿರುವದವನು.
ಬಲಗಡೆ, ಒತ್ತಿ ಬರೆದ ದುಂಡಕ್ಷರ:
ಕೆಂಡಗೊರಳ ಉಲಿಯಕ್ಕಿ, ಒಂದು.
ಕೇಳಿದವನು ಯಾದಿಯೆಲ್ ರೊಸಾದೊ.
ಎಡಗಡೆ, ಅದೇ ಸಾಲಿನಲ್ಲಿ, ಅದೇ ಕೈ:
ಬೆರಳು ಕಂಡೆ.

ನಡುವಿನ ಗೀಟಿನ ಮೇಲೆ ಒಂದು ಗುಂಗುರು ಅಪ್ಪಚ್ಚಿಯಾಗಿತ್ತು.
ಒರೆಸಲು ಹೋಗಿ, ಬಿಟ್ಟೆ.