ಐದು ಅಂಕದ ಪ್ರಶ್ನೆ

ಸಯನ್ ಶಾಲೆಯ ಏಳನೇ ತರಗತಿಯ ಕಟ್ಟು ತೊಡೆಯ ಮೇಲೆ.
ಆರು ಇಪ್ಪತ್ತರ ಅಂಬರನಾಥ ಲೋಕಲ್ಲು, ಹೆಂಗಸರ ಡಬ್ಬಾ.
ಮೂವರ ಸೀಟಿನಲ್ಲಿ ನಾನು ನಾಲ್ಕನೆಯವಳು,
ಒಂದು ತೊಡೆ ಸೀಟಿನದು, ಇನ್ನೊಂದು ಗಾಳಿಯದು.
ಎದುರಿನಾಕೆ ಬಟಾಣಿ ಬಿಡಿಸುತ್ತಿದ್ದಾಳೆ,
ಒಂದು ಸಿಪ್ಪೆಯೂ ಕೆಳಗೆ ಬೀಳದ ಹಾಗೆ.

ನಾಗರಿಕತೆಯ ಲಕ್ಷಣಗಳನ್ನು ಬರೆಯಿರಿ. ಐದು ಅಂಕ.
ಚಕ್ರ, ಲಿಪಿ, ನಾಣ್ಯ, ಸುಟ್ಟ ಇಟ್ಟಿಗೆ, ಮುಚ್ಚಿದ ಚರಂಡಿ:
ನಾನು ಬೋರ್ಡಿನ ಮೇಲೆ ಬರೆದದ್ದನ್ನೇ
ಇಪ್ಪತ್ತಾರು ಮಕ್ಕಳು ನನಗೇ ತಿರುಗಿ ಕೊಟ್ಟಿದ್ದಾರೆ.
ಒಬ್ಬಳು ಮಾತ್ರ 'ಮೆಚ್ಚಿದ ಚರಂಡಿ' ಮಾಡಿದ್ದಾಳೆ.

ಉಳಿದವನು ಸಾಬಣ್ಣ.
ಯಾದಗಿರಿ ಕಡೆಯವರು, ಧಾರಾವಿಯಲ್ಲಿ ಖೋಲಿ,
ಅಪ್ಪನಿಗೆ ಗುತ್ತಿಗೆದಾರನ ಹತ್ತಿರ ಗಟಾರದ ಕೆಲಸ.
ಪಾಠದ ದಿನ ಎದ್ದು ನಿಂತು ಕೇಳಿದ್ದ:
"ಟೀಚರ್, ಹರಪ್ಪದ ಗಟಾರ ಕಟ್ಟಿಕೊಂಡ್ರ
ಒಳಗ ಯಾರು ಇಳೀತಿದ್ರು?"
ಸಿಲಬಸ್ಸಿನಲ್ಲಿಲ್ಲ, ಕೂತ್ಕೊ, ಅಂದಿದ್ದೆ.

ಈಗ ಬರೆದಿದ್ದಾನೆ, ಸಾಲು ಮೇಲೇರುತ್ತ,
ನಡುವೆ ಇಂಕಿನ ಬಣ್ಣ ಬದಲಾಗಿ:
"ನಮ್ಮ ಗಲ್ಲಿಗೆ ನಳ ನಸುಕಿನ ನಾಕಕ್ಕ ಬರತದ.
ಎಲ್ಲಾರ ಕೊಡ ರಾತ್ರೀನ ಪಾಳಿ ಹಚ್ಚಿರತಾವ.
ಖಾತೂನಮ್ಮಗ ಕಣ್ಣು ಕಾಣಂಗಿಲ್ಲ, ಬರೂದು ತಡ.
ಆಕಿ ಕೊಡ ಯಾರೂ ಹಿಂದ ಸರಸಂಗಿಲ್ಲ.
ಗಲಾಟಿ ಆಗಿ ಅಂಗಡಿ ಸುಟ್ಟ ಮರುದಿನಾನೂ ಸರಸಲಿಲ್ಲ.
ಯಾರೋ ತುಂಬಿ ಇಡತಾರ. ಯಾರಂತ ಗೊತ್ತಿಲ್ಲ.
ಇಷ್ಟ ಗೊತ್ತು."

ಉತ್ತರಸೂಚಿಯಲ್ಲಿ ಕೊಡ ಇಲ್ಲ.
ಕೆಂಪು ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ.

ಘಾಟ್ಕೋಪರಿನಲ್ಲಿ ಒಬ್ಬಳು ಹತ್ತಿದಳು, ಖಾಲಿ ಬುಟ್ಟಿ.
ಮೀನು ಮುಗಿದಿತ್ತು, ವಾಸನೆ ಮುಗಿದಿರಲಿಲ್ಲ.
ದುಪಟ್ಟಾ, ಸೆರಗು, ಕರ್ಚೀಫು ಮೂಗಿಗೇರಿದವು.
ಯಾರೋ, ಬಹಳ ಮೆಲ್ಲಗೆ, ಬಹಳ ಮರ್ಯಾದೆಯಿಂದ,
"ಮಾವಶೀ, ಲಗೇಜಿನ ಡಬ್ಬಾ ಆ ಕಡೆ" ಅಂದರು.
ಕೇಳಿಸಿತೋ ಇಲ್ಲವೋ, ಬಾಗಿಲ ಬಳಿ
ಬುಟ್ಟಿ ಮಗುಚಿ ಅದರ ಮೇಲೆ ಕೂತಳು.

ಕಾಂಜೂರ್ ಮಾರ್ಗದಲ್ಲಿ ಕಿಟಕಿಯವಳು ಇಳಿದಳು.
ನಮ್ಮ ಸಾಲು ಒಂದೊಂದು ಗೇಣು ಒಳಕ್ಕೆ ಜರುಗಿತು,
ತುದಿಗೆ, ನನ್ನ ಪಕ್ಕಕ್ಕೆ, ಒಂದು ತೊಡೆಯಷ್ಟು ಜಾಗ.

ಅಲ್ಲಿ ನಾನು ಉತ್ತರಪತ್ರಿಕೆಯ ಕಟ್ಟು ಇಟ್ಟೆ.

ಭಾಂಡುಪ್, ನಾಹೂರ್, ಮುಲುಂಡ್,
ಅವು ಕೂತೇ ಬಂದವು,
ಸಾಬಣ್ಣನದು ಎಲ್ಲಕ್ಕಿಂತ ಮೇಲೆ,
ಹಾರದಂತೆ ನನ್ನ ಅಂಗೈ ಅದರ ಮೇಲೆ.

ಎಷ್ಟು ಕೊಟ್ಟೆ ಎಂದು ಕೇಳಬೇಡಿ.
ಅಂಕದ ಚೌಕ ಇನ್ನೂ ಖಾಲಿ.
ಠಾಣೆ ಬರುತ್ತಿದೆ,
ಆಕೆ ಬುಟ್ಟಿಯನ್ನು ಎದೆಗವಚಿಕೊಂಡು
ಇಳಿಯುವವರಿಗೆ ದಾರಿ ಬಿಟ್ಟು
ಪಕ್ಕಕ್ಕೆ ಸರಿದು ನಿಂತಿದ್ದಾಳೆ.