ಇಪ್ಪತ್ತು, ಏಳು

ನೆಹರೂ ಮೈದಾನದ ವಸ್ತುಪ್ರದರ್ಶನದಾಗ
ರೊಟ್ಟಿ ಮಷೀನು ತಂದೆ.
ನಾಕು ಸಾವಿರದ ಎರಡು ನೂರು,
ಮ್ಯಾಲೆ ಒಂದು ಸ್ಟೀಲಿನ ಡಬ್ಬಿ ಪುಕ್ಕಟೆ.
ಹದಿನಾರು ವರ್ಷ ರೊಟ್ಟಿ ಬಡದ ಬಲಗೈ ಮಣಿಕಟ್ಟು
ಈಗ ತಾಟು ಎತ್ತಿದರೂ ಚುಳ್ ಅಂತೈತಿ.
"ಅಕ್ಕಾರ, ಒತ್ತರಿ, ಬಿಡರಿ, ಉಬ್ಬತೈತಿ ನೋಡರಿ" ಅಂದ
ಟೈ ಕಟ್ಟಿದ ಹುಡುಗ.
ಕಪ್ಪಿ ಹೊಟ್ಟಿಯಂಗ ಉಬ್ಬಿತು.
ಆ ಹಿಟ್ಟು ಗೋದಿದು.
ಜೋಳದ್ದು ತೋರಸಪಾ ಅನ್ನಲಿಲ್ಲ ನಾನು.
ಸುತ್ತ ಮಂದಿ ಇದ್ರು.

ಮನಿಯಾಗ ಜೋಳದ ಹಿಟ್ಟು ಇಟ್ಟು ಒತ್ತಿದರ
ಅಂಚು ಬಿರೀತು, ನಡುವ ಹರೀತು,
ಮ್ಯಾಲಿನ ತಟ್ಟಿಗೆ ಅರ್ಧ, ಕೆಳಗಿನದಕ್ಕ ಅರ್ಧ.
ಬಿಸಿನೀರು ಹೆಚ್ಚು ಮಾಡಿದೆ, ಕಮ್ಮಿ ಮಾಡಿದೆ,
ಪ್ಲಾಸ್ಟಿಕ್ ಹಾಳಿ ಹಾಸಿದೆ, ಅದು ಕರಗಿ ನಾತ ಹೊಡೀತು.
ನಮ್ಮತ್ತಿ ಕುಂತಲ್ಲಿಂದನ ಅಂದ್ಲು:
"ಬೇಷಾತು, ಮುಟಗಿ ಮಾಡೂ ಮಷೀನು ತಂದಿ."

ಗದಗ ರೋಡಿನ ರೈಲ್ವೆ ಇನ್‌ಸ್ಟಿಟ್ಯೂಟಿನಾಗ ಶಟಲ್ ಪಂದ್ಯ,
ಊಟಕ್ಕ ನೂರಾ ಇಪ್ಪತ್ತು ರೊಟ್ಟಿ ನನ್ನ ಪಾಲಿಗೆ.
ಬಡದೆ. ಕೈಲೇನ.
ಬುಟ್ಟಿ, ಅರಿವಿ ಖಾಲಿ ಆಗೂತನಕ ಕಾಯಬೇಕಲ್ಲ,
ಒಳಗ ಹೋಗಿ ಕುಂತೆ.

ಒಂದು ಕಡೆ ಧಾರವಾಡದ ಹುಡುಗಿ, ಹದಿನೇಳೋ ಹದಿನೆಂಟೋ,
ನೆಲಕ್ಕ ಕಾಲು ಹತ್ತತಾವೋ ಇಲ್ಲೋ ಅನ್ನೂವಂಗ.
ಇನ್ನೊಂದು ಕಡೆ ವರ್ಕ್‌ಶಾಪ್ ಸ್ಟೋರಿನ ಪ್ರಮೀಳಾ ಲದವಾ,
ನಲವತ್ತು ದಾಟಿರಬೇಕು, ಮೊಣಕಾಲಿಗೆ ಪಟ್ಟಿ,
ಕೂದಲಾ ಅಡಿಗಿಮನಿಯಾಗ ಕಟ್ಟಿದಂಗ ಕಟ್ಟಿದ್ಲು.
ವಯಸ್ಸಾದವರ ಆಟಕ್ಕ ಹೆಸರು ಸಾಲಲಿಲ್ಲಂತ,
ಹುಡುಗ್ಯಾರ ಜೋಡಿ ಸೇರಿಸಿಬಿಟ್ಟಿದ್ರು.

ನನಗ ಆಟ ತಿಳಿಯೂದಿಲ್ಲ. ಮಣಿಕಟ್ಟು ತಿಳೀತೈತಿ.
ಅಕಿದು ಕಡೀ ಗಳಿಗಿಗೆ ಹೊಳ್ಳತಿತ್ತು,
ಹಂಚಿನ ಮ್ಯಾಲಿನ ರೊಟ್ಟಿ ತಿರುವೂ ಮುಂದ
ಸುಡೂಕಿಂತ ಮೊದಲ ಬೆರಳು ಹೊಳ್ಳತಾವಲ್ಲ, ಹಂಗ.
ಎಲ್ಲಿಗೆ ಹೊಡದರೂ ಆ ಹುಡುಗಿ ಅಲ್ಲೇ ಇದ್ಲು,
ಯಾರೋ ಮೊದಲ ಹೇಳಿ ಕಳಿಸಿದಂಗ.

ಹಲಗಿ ಮ್ಯಾಲೆ ಒಂದು ಕಡೆ ಇಪ್ಪತ್ತು, ಒಂದು ಕಡೆ ಏಳು.
ಹಿಂದ ಕುಂತ ಪೋರ ಕೂಡಿಸಿ ಓದಿದ: ಇಪ್ಪತ್ತೇಳು.
ಮಂದಿ ಎದ್ದು ಚಪ್ಪಲಿ ಹುಡುಕಾಕ ಹತ್ತಿದ್ರು.

ಆವಾಗ ಅಕಿ ನೆಲದಾಗಿನ ಶಟಲ್ ಎತ್ತಿ
ಬೆಳಕಿಗೆ ಹಿಡದ್ಲು.
ಒಂದೊಂದ ಗರಿ ಬೆರಳಿಲೆ ಸವರಿದ್ಲು.
ಅಂಪೈರನ ಕಡೆ ಹೋಗಿ, ಏದುಸಿರು ಬಿಡಕೋತ,
"ಇದರ ಗರಿ ಮುರದೈತಿ. ಹೊಸದು ಕೊಡ್ರಿ."
"ಮ್ಯಾಡಮ್, ಒಂದ ಪಾಯಿಂಟು ಉಳದೈತಿ" ಅಂದ ಅಂವ.
"ಉಳದೈತಲ್ಲರಿ" ಅಂದ್ಲು.

ಡಬ್ಬಿ ಮುಚ್ಚಳ ತೆಗದ ಸಪ್ಪಳ ನನ್ನತನಕ ಬಂತು.
ಎಂಟೋ ಒಂಬತ್ತೋ ಹೊಡತ ನಡೀತು ಆ ಹೊಸದರಾಗ.
ನಡುವ ಒಮ್ಮೆ ಹುಡುಗಿ ಜಾರಿದಳು, ನಾ ಎದ್ದು ನಿಂತೆ,
ನನಗ ಗೊತ್ತಾಗದಂಗ.
ಆಮ್ಯಾಲೆ ಶಟಲ್ ಬಲಿಗೆ ಬಡದು
ಪ್ರಮೀಳಾನ ಕಡೇನ ಬಿತ್ತು.

ನಳದ ಕೆಳಗ ಮಾರಿ ತೊಳಕೊಂಡು ಬಂದು
ನಾಕು ರೊಟ್ಟಿ ತಿಂದ್ಲು,
ಪುಂಡಿಪಲ್ಯ ಎರಡನೇ ಸಲ ಹಾಕಿಸಿಕೊಂಡು.
ಯಾರ ಕೈಯಿನ ರೊಟ್ಟಿ ಅಂತ ಅಕಿ ಕೇಳಲಿಲ್ಲ.
ನಾನೂ ಹೇಳಲಿಲ್ಲ.

ಸೋಮವಾರ ಮಷೀನು ಹಳೇ ಕೌದ್ಯಾಗ ಸುತ್ತಿ
ದಾಜಿಬಾನ ಪೇಟಿಗೆ ಹೋದೆ, ಬಿಲ್ಲಿನ ಮ್ಯಾಲಿದ್ದ ಅಂಗಡಿಗೆ.
ತಂದು ನಲವತ್ತು ದಿನ ಆಗಿತ್ತು.
ಗ್ಯಾರಂಟಿ ಏಳ ದಿನಾ ಅಂದ ಮಾಲಕ.
"ಗೊತ್ತೈತ್ರಿ. ಒಂದು ಒತ್ತಿ ತೋರಸ್ರಿ" ಅಂತ
ಡಬ್ಬಿಯಿಂದ ಜೋಳದ ಹಿಟ್ಟಿನ ಉಂಡಿ ತೆಗದು
ಗಾಜಿನ ಟೇಬಲ್ ಮ್ಯಾಲೆ ಇಟ್ಟೆ.
(ಅದ ಪುಕ್ಕಟೆ ಡಬ್ಬಿ.)
ಮಂದಿ ಇದ್ರು. ಇರಲಿ.
ಒತ್ತಿದ, ಹರೀತು.
ಅಂಗಿ ತೋಳು ಏರಿಸಿ ಮತ್ತೊಮ್ಮೆ ಒತ್ತಿದ.
ರೊಕ್ಕ ಹೊಳ್ಳಿ ಬರಲಿಲ್ಲ.
ಬರದು ಕೊಡ್ರಿ ಹಂಗಾರ, ಅಂದೆ.
ಬಿಲ್ಲಿನ ಹಿಂದ ಬಾಲ್‌ಪೆನ್ನಿಲೆ ಬರದ: ಜೋಳಕ್ಕ ಅಲ್ಲ.
ಸಹಿ? ಅಂದೆ.
ಮಾಡಿದ.